ಹಾವು ಕಡಿತದ ಸಂಶೋಧನೆಗೆ ದುಡ್ಡು ಕೇಳುವುದು: ಗ್ರ್ಯಾಂಟ್ ರೈಟರ್ ನಿಜವಾಗಿ ಮಾಡುವ ಕೆಲಸ

"ಭಾರತದಲ್ಲಿ ಪ್ರತಿ ವರ್ಷ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ."

ಹಾವು ಕಡಿತದ ಸಂಶೋಧನೆಗೆ ಹಣ ಕೇಳುವ ಅರ್ಜಿಗಳು ಹೆಚ್ಚುಕಡಿಮೆ ಎಲ್ಲವೂ ಈ ಸಾಲಿನಿಂದಲೇ ಶುರುವಾಗುತ್ತವೆ. ಅಂಕಿ ತಪ್ಪೇನಲ್ಲ. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಬಂದ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಅದರ ವರ್ಷದ ಸರಾಸರಿ ಇದು. ತೊಂದರೆ ಏನೆಂದರೆ, ಅರ್ಜಿ ಓದುವವರಿಗೂ ಇದು ಗೊತ್ತು. ಗೊತ್ತಿರುವುದಕ್ಕೇ ಅವರು ದುಡ್ಡು ತೆಗೆದಿಟ್ಟಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ 2019ರಲ್ಲಿ ಈ ಒಂದು ಸಮಸ್ಯೆಗೇ 8 ಕೋಟಿ ಪೌಂಡ್ ಘೋಷಿಸಿತು. ಅಂಥವರ ಮುಂದೆ ನಿಂತು "ನೋಡಿ, ತುಂಬಾ ಜನ ಸಾಯ್ತಿದ್ದಾರೆ" ಎಂದರೆ, "ಹೌದು, ಅದಕ್ಕೆ ನೀವೇನು ಮಾಡ್ತೀರಿ?" ಎಂದೇ ಕೇಳುತ್ತಾರೆ.

ಆ ಪ್ರಶ್ನೆಗೆ ನೇರವಾದ ಉತ್ತರ ಹೊರಡಿಸುವುದು ಗ್ರ್ಯಾಂಟ್ ರೈಟರ್ ಕೆಲಸ. ನಾನು ಬೆಂಗಳೂರಿನಲ್ಲಿ ಮಾಡುವುದು ಇದನ್ನೇ. ಡಾಕ್ಟರುಗಳು, ವಿಜ್ಞಾನಿಗಳು ಮಾಡಬೇಕೆಂದಿರುವ ಸಂಶೋಧನೆಗೆ ಟ್ರಸ್ಟು, ಫೌಂಡೇಶನ್ನು, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗ, ಒಮ್ಮೊಮ್ಮೆ ಉಳ್ಳವರ ಕುಟುಂಬಗಳಿಂದ ಹಣ ತರಲು ಅರ್ಜಿ ತಯಾರು ಮಾಡುತ್ತೇನೆ. "ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅಂತ ಕೆಲಸ ಕೊಟ್ರಾ?" ಎಂದು ನೆಂಟರು ಕೇಳುವುದುಂಟು. ಅರ್ಜಿ ಇಂಗ್ಲಿಷಿನಲ್ಲಿ ಇರುತ್ತದೆ, ನಿಜ. ಆದರೆ ಒಳ್ಳೆ ಇಂಗ್ಲಿಷಿನಲ್ಲಿ ಬರೆದ ಅರ್ಜಿಗಳು ದಿನಾ ತಿರಸ್ಕಾರವಾಗುತ್ತವೆ. ಏನು ಮಾಡುತ್ತೇವೆ ಎಂಬುದೇ ಗಟ್ಟಿಯಾಗಿಲ್ಲದಿದ್ದರೆ ಭಾಷೆ ಏನು ಮಾಡೀತು?

ಸರ್ಕಾರದ ದುಡ್ಡು, ದಾನಿಗಳ ದುಡ್ಡು

ನಮ್ಮಲ್ಲಿ ವೈದ್ಯಕೀಯ ಸಂಶೋಧನೆಗೆ ಜಾಸ್ತಿ ದುಡ್ಡು ಬರುವುದು ಸರ್ಕಾರದಿಂದಲೇ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಹೀಗೆ. ಅದು ತೆರಿಗೆ ಹಣ, ಹಾಗಾಗಿ ಪ್ರತಿ ರೂಪಾಯಿಗೂ ಉತ್ತರ ಹೇಳಬೇಕು. ಇದರಿಂದ ಒಂದು ಅಭ್ಯಾಸ ಬೆಳೆದಿದೆ. ಅರ್ಧ ಗೊತ್ತಿರುವ, ಸೋಲುವ ಸಾಧ್ಯತೆ ಕಡಿಮೆ ಇರುವ ಕೆಲಸಕ್ಕೆ ಮಂಜೂರಾತಿ ಸುಲಭ. ಪೂರ್ತಿ ಹೊಸದಾದ, ಕೈಕೊಡಬಹುದಾದ ಕೆಲಸಕ್ಕೆ ಕಷ್ಟ.

ದಾನಿಗಳ ದುಡ್ಡಿಗೆ ಬೆಲೆ ಬರುವುದು ಇಲ್ಲೇ. ಅದು ಮೊತ್ತದಲ್ಲಿ ಚಿಕ್ಕದು, ಆದರೆ ಅಪಾಯ ಎದುರಿಸುವ ಧೈರ್ಯ ಅದಕ್ಕಿದೆ. ಅಮೆರಿಕದ ಪೋಲಿಯೋ ಕಥೆ ನೋಡಿ. ಸ್ವತಃ ಪೋಲಿಯೋದಿಂದ ಕಾಲಿನ ಶಕ್ತಿ ಕಳೆದುಕೊಂಡಿದ್ದ ಅಧ್ಯಕ್ಷ ರೂಸ್‌ವೆಲ್ಟ್ 1938ರಲ್ಲಿ ಒಂದು ಪ್ರತಿಷ್ಠಾನ ಶುರು ಮಾಡಿದರು. ಜನ 'ಡೈಮ್' ಎಂಬ ಹತ್ತು ಸೆಂಟಿನ ನಾಣ್ಯಗಳನ್ನು ಅಂಚೆಯಲ್ಲಿ ಹಾಕಿ ಶ್ವೇತಭವನಕ್ಕೇ ಕಳಿಸಿದರು. ಅದೇ ಆಮೇಲೆ 'ಮಾರ್ಚ್ ಆಫ್ ಡೈಮ್ಸ್' ಎಂದು ಹೆಸರಾಯಿತು. ಜೋನಾಸ್ ಸಾಕ್ ಅವರ ಲಸಿಕೆಯನ್ನು 1954ರಲ್ಲಿ ಸುಮಾರು 18 ಲಕ್ಷ ಮಕ್ಕಳು ಭಾಗವಹಿಸಿದ ಪ್ರಯೋಗದಲ್ಲಿ ಪರೀಕ್ಷಿಸಿದ್ದು ಈ ಹಣದಲ್ಲಿ. ಫಲಿತಾಂಶ ಬರುವ ಮುಂಚೆಯೇ ಆ ಪ್ರತಿಷ್ಠಾನ 90 ಲಕ್ಷ ಡಾಲರ್ ಮೌಲ್ಯದ ಲಸಿಕೆಗೆ ಕಂಪನಿಗಳಿಗೆ ಆರ್ಡರ್ ಕೊಟ್ಟುಬಿಟ್ಟಿತ್ತು. ಲಸಿಕೆ ಕೆಲಸ ಮಾಡದಿದ್ದರೆ ಅಷ್ಟೂ ಹೋಯಿತು. 1955ರ ಏಪ್ರಿಲ್ 12ರಂದು "ಕೆಲಸ ಮಾಡುತ್ತದೆ" ಎಂಬ ಸುದ್ದಿ ಬಂದಾಗ ಸರಕು ತಯಾರಾಗಿತ್ತು. ಸರ್ಕಾರಿ ಅಧಿಕಾರಿಯೊಬ್ಬರು ಹೀಗೆ ಮಾಡಿದ್ದರೆ ಆಡಿಟ್‌ನಲ್ಲಿ ಏನು ಬರೆಯುತ್ತಿದ್ದರೋ!

ನಮ್ಮ ಕಡೆಯೂ ಈ ಪರಂಪರೆ ಹಳೆಯದು. ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಮರುವರ್ಷವೇ ದೊರಾಬ್ಜಿ ಲೇಡಿ ಟಾಟಾ ಮೆಮೋರಿಯಲ್ ಟ್ರಸ್ಟ್ ಕಟ್ಟಿದರು. ಆ ಕಾಯಿಲೆಯ ಸಂಶೋಧನೆಗೆ ಭಾರತದಲ್ಲಿ ಮಾತ್ರವಲ್ಲ, ಹೊರದೇಶದ ವಿಜ್ಞಾನಿಗಳಿಗೂ ಅದು ಇಂದಿಗೂ ಹಣ ಕೊಡುತ್ತಿದೆ.

ಇನ್ನೊಂದು ಗುಣ ತಾಳ್ಮೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ದಾಟಿದ ಹಳ್ಳಿಯವರ ಮಿದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನವೊಂದು ನಡೆಯುತ್ತಿದೆ. ಮರೆಗುಳಿ ಕಾಯಿಲೆ ಯಾರಿಗೆ, ಯಾಕೆ ಬರುತ್ತದೆ ಎಂದು ತಿಳಿಯುವುದು ಉದ್ದೇಶ. ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್. ಅದರ ಬೆನ್ನಿಗೆ ನಿಂತಿರುವುದು ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್. ಇಂಥ ಕೆಲಸವನ್ನು ಮೂರು ವರ್ಷದ ಗ್ರ್ಯಾಂಟಿನಲ್ಲಿ ಮಾಡಲು ಆಗುವುದೇ ಇಲ್ಲ. ಮೂರು ವರ್ಷದಲ್ಲಿ ಐವತ್ತರ ರೈತ ಐವತ್ಮೂರಕ್ಕೆ ಬರುತ್ತಾನೆ, ಅಷ್ಟೆ.

2022ರಲ್ಲಿ ಐಐಎಸ್‌ಸಿಯ ವೈದ್ಯಕೀಯ ಶಾಲೆಯ 800 ಹಾಸಿಗೆಯ ಆಸ್ಪತ್ರೆಗೆ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಒಟ್ಟು 425 ಕೋಟಿ ರೂಪಾಯಿ ಕೊಟ್ಟರಲ್ಲ, ಆ ಥರದ ಸುದ್ದಿ ಓದಿದವರಿಗೆ ದಾನ ಎಂದರೆ ಒಂದು ಚೆಕ್ಕು, ಒಂದು ಫೋಟೋ ಅನ್ನಿಸಬಹುದು. ಅಂಥ ದೊಡ್ಡ ಕೊಡುಗೆಗಳ ಹಿಂದೆ ಸಂಸ್ಥೆಯ ಮುಖ್ಯಸ್ಥರೇ ಕೂತು ಮಾತಾಡಿರುತ್ತಾರೆ. ನನ್ನಂಥವರ ಪಾಲಿಗೆ ಬರುವುದು ಅದರ ಕೆಳಗಿನ ಲೋಕ: ಕೆಲವು ಲಕ್ಷದಿಂದ ಕೆಲವು ಕೋಟಿವರೆಗಿನ ಯೋಜನೆಗಳು, ಎಲ್ಲರಿಗೂ ತೆರೆದಿರುವ ಪ್ರಕಟಣೆ, ಪದಮಿತಿ, ಡೆಡ್‌ಲೈನ್, ಪೈಪೋಟಿ.

ಒಂದು ಪುಟ ಹುಟ್ಟುವ ಬಗೆ

ಒಂದು ಕಾಲ್ಪನಿಕ ಯೋಜನೆ ಇಟ್ಟುಕೊಳ್ಳೋಣ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತದೆ, ಕಿಡ್ನಿಗೂ ಪೆಟ್ಟು ಕೊಡುತ್ತದೆ. ಕೆಲವರಿಗೆ ಡಯಾಲಿಸಿಸ್ ಬೇಕಾಗುತ್ತದೆ. ಇದರ ಬಗ್ಗೆ ಕೆಲಸ ಮಾಡಬೇಕೆಂದಿರುವ ಕಿಡ್ನಿ ತಜ್ಞೆಯೊಬ್ಬರು ಮೊದಲ ಕರಡು ಕಳಿಸುತ್ತಾರೆ. ಅದರ ಜೀವಾಳದ ವಾಕ್ಯ ಹೀಗಿರುತ್ತದೆ: "ಈ ಯೋಜನೆಯು ಹಾವು ಕಡಿತದಿಂದಾಗುವ ಮೂತ್ರಪಿಂಡ ಹಾನಿಯನ್ನು ಸಮಗ್ರವಾಗಿ ಅಧ್ಯಯನ ಮಾಡಿ, ಹೊಸ ಚಿಕಿತ್ಸೆಗಳಿಗೆ ದಾರಿ ಮಾಡಿಕೊಡಲಿದೆ."

'ಸಮಗ್ರವಾಗಿ' ಎಂಬ ಪದ ಕಂಡ ತಕ್ಷಣ ನನಗೆ ಫೋನ್ ಎತ್ತಬೇಕು ಅನ್ನಿಸುತ್ತದೆ.

"ಮೇಡಂ, ಮೂರು ವರ್ಷ ಆದ ಮೇಲೆ ನಮಗೆ ಏನು ಗೊತ್ತಾಗಿರುತ್ತೆ? ಈಗ ಗೊತ್ತಿಲ್ಲದೇ ಇರೋದು."

"ಕಿಡ್ನಿ ಡ್ಯಾಮೇಜ್ ಯಾಕಾಗುತ್ತೆ ಅಂತ."

"ಮೂರು ವರ್ಷಕ್ಕೆ ಪೂರ್ತಿ ಗೊತ್ತಾಗುತ್ತಾ?"

"ಪೂರ್ತಿ ಎಲ್ಲಿ ಆಗುತ್ತೆ ಬಿಡಿ."

"ಹೋಗ್ಲಿ, ವಾರ್ಡ್‌ನಲ್ಲಿ ನಿಮ್ಮ ತಲೆ ತಿನ್ನೋ ವಿಷಯ ಯಾವುದು?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬರುತ್ತದೆ ನಿಜವಾದ ವಿಷಯ. "ಕಿಡ್ನಿ ಟೆಸ್ಟಲ್ಲಿ ಕ್ರಿಯಾಟಿನಿನ್ ನಾರ್ಮಲ್ ಬಂತು ಅಂತ ಡಿಸ್‌ಚಾರ್ಜ್ ಮಾಡ್ತೀವಿ. ಅದರಲ್ಲಿ ಕೆಲವರು ಆರು ತಿಂಗಳಿಗೋ ವರ್ಷಕ್ಕೋ ಕಾಲು ಊದಿಸ್ಕೊಂಡು ವಾಪಸ್ ಬರ್ತಾರೆ. ಅಷ್ಟು ಹೊತ್ತಿಗೆ ಕಿಡ್ನಿ ಹೋಗಿರುತ್ತೆ. ಯಾರು ಹಾಗೆ ಬರ್ತಾರೆ ಅಂತ ಮೊದಲೇ ಹೇಳಕ್ಕೆ ನಮ್ಮ ಹತ್ರ ಏನೂ ಇಲ್ಲ."

ಅರ್ಜಿ ಇಲ್ಲಿದೆ. ಇಡೀ ಕರಡಿನಲ್ಲಿ ಎಲ್ಲೂ ಇರಲಿಲ್ಲ, ಫೋನಿನಲ್ಲಿ ಒಂದೇ ಉಸಿರಿಗೆ ಬಂತು. ಈಗ ಮೊದಲ ಪುಟ ಹೀಗೆ ಶುರುವಾಗಬಹುದು: "ಕೊಳಕುಮಂಡಲ ಕಚ್ಚಿ, ಚಿಕಿತ್ಸೆಯಾಗಿ, ಕ್ರಿಯಾಟಿನಿನ್ ಸಹಜ ಮಟ್ಟಕ್ಕೆ ಬಂದು ಮನೆಗೆ ಹೋದವರಲ್ಲಿ ಕೆಲವರ ಕಿಡ್ನಿ ಆಮೇಲೆ ಕೆಡುತ್ತದೆ. ಅವರು ಯಾರೆಂದು ದಾಖಲಾದ ಮೊದಲ 24 ಗಂಟೆಯ ಮೂತ್ರ ಪರೀಕ್ಷೆಯಿಂದ ಗುರುತಿಸಬಹುದೇ? ಮೂರು ಆಸ್ಪತ್ರೆಗಳ ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿ ಇದಕ್ಕೆ ಉತ್ತರ ಹುಡುಕುತ್ತೇವೆ."

ಹೊಸ ಚಿಕಿತ್ಸೆಯ ಮಾತೇ ಹೋಯಿತು. ಇದು ಡಾಕ್ಟರಿಗೆ ಸ್ವಲ್ಪ ಬೇಸರ ತರುತ್ತದೆ. "ಇಷ್ಟು ಸಣ್ಣದಾಗಿ ಕೇಳಿದ್ರೆ ಕೊಡ್ತಾರಾ?" ಎನ್ನುತ್ತಾರೆ. ನನ್ನ ಅನುಭವದಲ್ಲಿ, ಕೊಡುವುದು ಇದಕ್ಕೇ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಉತ್ತರ "ಇಲ್ಲ, ಗುರುತಿಸಲು ಆಗುವುದಿಲ್ಲ" ಎಂದು ಬಂದರೂ ದುಡ್ಡು ವ್ಯರ್ಥವಲ್ಲ. ಒಂದು ವರ್ಷದಲ್ಲಿ ಎಷ್ಟು ಜನರ ಕಿಡ್ನಿ ಕೆಡುತ್ತದೆ ಎಂಬ ಲೆಕ್ಕವಾದರೂ ಸಿಕ್ಕಿರುತ್ತದೆ. ಎಲ್ಲರನ್ನೂ ಮತ್ತೆ ಕರೆಸಿ ನೋಡುವುದೊಂದೇ ದಾರಿ ಎಂಬುದಾದರೂ ಗೊತ್ತಾಗಿರುತ್ತದೆ. ಸೋತರೂ ಏನೋ ಕಲಿಸುವ ಪ್ರಶ್ನೆಯನ್ನು ಹುಡುಕಿ ಕೊಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ಉಳಿದರ್ಧ ಓದುವವರ ಅನುಮಾನಗಳಿಗೆ ಮೊದಲೇ ಉತ್ತರ ಇಡುವುದು. ದೊಡ್ಡ ಪ್ರತಿಷ್ಠಾನಗಳು ಅರ್ಜಿಯನ್ನು ಅದೇ ಕ್ಷೇತ್ರದ ಬೇರೆ ವಿಜ್ಞಾನಿಗಳಿಗೆ, ಅಂದರೆ ರಿವ್ಯೂವರ್‌ಗಳಿಗೆ, ಕಳಿಸುತ್ತವೆ. ಅವರು ಒಳ್ಳೆಯವರೇ, ಆದರೆ ಅವರ ಮುಂದೆ ಅರ್ಜಿಗಳ ರಾಶಿ ಇರುತ್ತದೆ. ತಳ್ಳಿಹಾಕಲು ಒಂದು ಕಾರಣ ಸಿಕ್ಕರೆ ಸಾಕು. ನಮ್ಮ ಯೋಜನೆಗೆ ಬರುವ ಮೊದಲ ಪ್ರಶ್ನೆ: ಕಚ್ಚಿದ್ದು ಕೊಳಕುಮಂಡಲವೇ ಎಂದು ಹೇಗೆ ಗೊತ್ತು? ರೋಗಿ ಹಾವನ್ನು ಜೊತೆಗೆ ತರುವುದಿಲ್ಲ, ತರಲೂಬಾರದು. ಕತ್ತಲಲ್ಲಿ ಕಬ್ಬಿನ ಗದ್ದೆಯಲ್ಲಿ ಕಚ್ಚಿದ್ದನ್ನು ಯಾರು ನೋಡಿರುತ್ತಾರೆ? ಹಾಗಾಗಿ ಅರ್ಜಿಯಲ್ಲಿ ವಿಧಾನ ಹೇಳಬೇಕು. ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದಾದ ಒಂದು ಸರಳ ಪರೀಕ್ಷೆ ಇದೆ. ಸುಮಾರು 2 ಎಂಎಲ್ ರಕ್ತವನ್ನು ಸ್ವಚ್ಛವಾದ ಗಾಜಿನ ಟ್ಯೂಬಿನಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಡುವುದು, ಆಮೇಲೆ ಬಗ್ಗಿಸಿ ನೋಡುವುದು. ರಕ್ತ ಇನ್ನೂ ನೀರಾಗಿಯೇ ಇದ್ದರೆ ಮಂಡಲದ ಜಾತಿಯ ವಿಷ ಕೆಲಸ ಮಾಡುತ್ತಿದೆ ಎಂಬ ಸೂಚನೆ. ಅಷ್ಟರಿಂದ ಕೊಳಕುಮಂಡಲ ಮತ್ತು ಗರಗಸಮಂಡಲದ ನಡುವೆ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕೆ ರಕ್ತದಲ್ಲಿ ವಿಷವನ್ನೇ ಗುರುತಿಸುವ ಲ್ಯಾಬ್ ಪರೀಕ್ಷೆ ಬೇಕು. ಯಾವುದನ್ನು ಎಲ್ಲಿ ಮಾಡುತ್ತೀರಿ, ಗೊತ್ತಾಗದ ಪ್ರಕರಣಗಳನ್ನು ಏನು ಮಾಡುತ್ತೀರಿ, ಎಲ್ಲವನ್ನೂ ನಾಲ್ಕು ಸಾಲಿನಲ್ಲಿ ಬರೆಯಬೇಕು.

ಎರಡನೇ ಪ್ರಶ್ನೆ: ಎಷ್ಟು ರೋಗಿಗಳು, ಅಷ್ಟೇ ಯಾಕೆ? ಕರಡಿನಲ್ಲಿ ಸಾಮಾನ್ಯವಾಗಿ 300 ಎಂದೋ 500 ಎಂದೋ ಇರುತ್ತದೆ. ರೌಂಡ್ ಫಿಗರ್ ನೋಡಿದರೆ ರಿವ್ಯೂವರ್‌ಗೆ ತಕ್ಷಣ ಅನುಮಾನ ಬರುತ್ತದೆ, ಸುಮ್ನೆ ಹಾಕಿದ್ದಾರೆ ಎಂದು. ಸಂಖ್ಯಾಶಾಸ್ತ್ರಜ್ಞರನ್ನು ಕೂರಿಸಿಕೊಂಡು ಲೆಕ್ಕ ಹಾಕಿಸಿ, ಆ ಆಸ್ಪತ್ರೆಗಳ ಹಳೆಯ ರಿಜಿಸ್ಟರ್ ತೆಗೆಸಿ, ವರ್ಷಕ್ಕೆ ಅಷ್ಟು ಪ್ರಕರಣ ಬರುತ್ತವೆಯೇ ಎಂದು ನೋಡಬೇಕು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಮಾಡಿರುವುದರಿಂದ ಈ ಲೆಕ್ಕಕ್ಕೆ ಸ್ವಲ್ಪ ಆಧಾರ ಸಿಗುವಂತಾಗಿದೆ.

ಬಜೆಟ್ಟು

ವಿಜ್ಞಾನಿಗಳು ಬಜೆಟ್ಟನ್ನು ಕೊನೆಗೆ, ಡೆಡ್‌ಲೈನ್ ಹಿಂದಿನ ರಾತ್ರಿ, ಹಳೆಯ ಎಕ್ಸೆಲ್ ಶೀಟ್ ತಿದ್ದಿ ಕಳಿಸುತ್ತಾರೆ. ಅನುಭವ ಇರುವ ರಿವ್ಯೂವರ್ ಅದನ್ನೇ ಮೊದಲು ಓದುತ್ತಾರೆ. ಯೋಜನೆ ಮಾಡಿದವರು ಆ ಕೆಲಸವನ್ನು ನಿಜವಾಗಿ ಕಲ್ಪಿಸಿಕೊಂಡಿದ್ದಾರೋ ಇಲ್ಲವೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ನಮ್ಮ ಯೋಜನೆಯಲ್ಲಿ ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಬೇಕು. ಹಾವು ಕಚ್ಚುವುದು ಹೆಚ್ಚಾಗಿ ಹೊಲದಲ್ಲಿ ದುಡಿಯುವವರಿಗೆ. ಅರಾಮಾಗಿದ್ದೇನೆ ಎಂದುಕೊಂಡಿರುವ ಮನುಷ್ಯ ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ ಬದಲಾಯಿಸಿ, ಮೂತ್ರ ಕೊಡಲು ಆಸ್ಪತ್ರೆಗೆ ಯಾಕೆ ಬರುತ್ತಾನೆ? ಬರುವುದಿಲ್ಲ. ಹಾಗಾಗಿ ಬಸ್ ಚಾರ್ಜು ಮತ್ತು ಕೂಲಿ ನಷ್ಟಕ್ಕೆ ಬಜೆಟ್ಟಿನಲ್ಲಿ ಒಂದು ಸಾಲು ಬೇಕು. ಐಸಿಎಂಆರ್ ಮಾರ್ಗಸೂಚಿ ಇದಕ್ಕೆ ಅವಕಾಶ ಕೊಡುತ್ತದೆ. ಆಮಿಷ ಅನ್ನಿಸುವಷ್ಟು ದೊಡ್ಡದಾಗಿರಬಾರದು, ಸಂಶೋಧನೆಯಲ್ಲಿ ರೋಗಿಗಳ ಹಿತ ನೋಡುವ ಎಥಿಕ್ಸ್ ಕಮಿಟಿ ಒಪ್ಪಬೇಕು, ಅಷ್ಟೆ. ಜೊತೆಗೆ ಒಬ್ಬ ಫೀಲ್ಡ್ ವರ್ಕರ್ ಬೇಕು. ಫೋನ್ ನಂಬರ್ ಬದಲಾದವರನ್ನು ಊರಿಗೇ ಹೋಗಿ ಹುಡುಕುವವರು. ಅವರ ಬೈಕಿಗೆ ಪೆಟ್ರೋಲು. ಮಾದರಿಗಳನ್ನು ಮೈನಸ್ 80 ಡಿಗ್ರಿಯಲ್ಲಿ ಇಡುವ ಫ್ರೀಜರ್ ಎಲ್ಲರ ಬಜೆಟ್ಟಿನಲ್ಲೂ ಇರುತ್ತದೆ. ಕರೆಂಟ್ ಹೋದಾಗ ಅದನ್ನು ನಡೆಸುವ ವ್ಯವಸ್ಥೆ ಮರೆತಿರುತ್ತಾರೆ. ಬೇಸಿಗೆಯ ಒಂದು ರಾತ್ರಿ ಪವರ್ ಕಟ್ ಆದರೆ ಎರಡು ವರ್ಷದ ಮಾದರಿಗಳು ಹಾಳು.

ಇಂಥ ಸಾಲುಗಳು ಬಜೆಟ್ಟಿನಲ್ಲಿ ಕಂಡಾಗ "ಇವರು ಆ ವಾರ್ಡಿನಲ್ಲಿ ನಿಂತು ಯೋಚಿಸಿದ್ದಾರೆ" ಎಂಬ ನಂಬಿಕೆ ಹುಟ್ಟುತ್ತದೆ. ವಿಧಾನದ ಬಗ್ಗೆ ಹತ್ತು ಪುಟ ಬರೆದರೂ ಹುಟ್ಟದ ನಂಬಿಕೆ ಅದು.

ಇನ್ನು ಓವರ್‌ಹೆಡ್. ಸಂಶೋಧನೆ ನಡೆಯಲು ಕಟ್ಟಡ, ಕರೆಂಟು, ಅಕೌಂಟ್ಸ್ ವಿಭಾಗ, ಎಥಿಕ್ಸ್ ಕಮಿಟಿಯ ಕಚೇರಿ ಎಲ್ಲವೂ ಬೇಕು. ಅದಕ್ಕೆ ಸಂಸ್ಥೆಯು ಗ್ರ್ಯಾಂಟಿನ ಒಂದು ಪಾಲು ಕೇಳುತ್ತದೆ. ದಾನಿಗಳಿಗೆ ಇದು ಇಷ್ಟವಾಗುವುದಿಲ್ಲ. "ನಮ್ಮ ದುಡ್ಡೆಲ್ಲ ರೋಗಿಗೇ ಹೋಗಬೇಕು" ಎನ್ನುತ್ತಾರೆ. ಭಾವನೆ ಒಳ್ಳೆಯದು, ಲೆಕ್ಕ ತಪ್ಪು. ಅಕೌಂಟೆಂಟ್ ಇಲ್ಲದೆ ಇವರೇ ಕೇಳುವ ಲೆಕ್ಕಪತ್ರವನ್ನು ಯಾರು ಕೊಡಬೇಕು? ಈ ಜಗಳ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದಲ್ಲಿ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್ 2025ರ ಫೆಬ್ರವರಿಯಲ್ಲಿ ಓವರ್‌ಹೆಡ್ಡನ್ನು ಒಂದೇ ಏಟಿಗೆ 15%ಕ್ಕೆ ಇಳಿಸುತ್ತೇವೆ ಎಂದಿತು. ವಿಶ್ವವಿದ್ಯಾಲಯಗಳು, ರಾಜ್ಯಗಳು ಕೋರ್ಟಿಗೆ ಹೋದವು, ಕೋರ್ಟು ತಡೆಯಿತು. ನಾನು ಅನುಸರಿಸುವ ದಾರಿ ಸರಳ. ದಾನಿ ಒಪ್ಪಿದರೆ, ಆಗುವಷ್ಟನ್ನು ನೇರ ಖರ್ಚಾಗಿಯೇ ತೋರಿಸುವುದು. 'ಓವರ್‌ಹೆಡ್ 15%' ಎನ್ನುವುದಕ್ಕಿಂತ 'ಮಾದರಿ ಸಂಗ್ರಹದ ವಿದ್ಯುತ್ ಮತ್ತು ನಿರ್ವಹಣೆ' ಎಂದರೆ ಒಪ್ಪಿಗೆ ಬೇಗ ಸಿಗುತ್ತದೆ. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ, ಹೆಚ್ಚು ವಿವರ ಕೊಟ್ಟ ಹಾಗೆ. ಆದರೆ ಒಂದೇ ಖರ್ಚನ್ನು ಎರಡೂ ಕಡೆ ತೋರಿಸುವಂತಿಲ್ಲ.

ಕಾನೂನು ಯೋಜನೆಯನ್ನೇ ಬದಲಿಸುವುದು

ಹೊಸಬರಿಗೆ ಇದು ನೀರಸ ಭಾಗ ಅನ್ನಿಸುತ್ತದೆ. ಆದರೆ ಕೈಗೆ ಬಂದ ಎಷ್ಟೋ ಗ್ರ್ಯಾಂಟುಗಳು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ.

ಹೊರದೇಶದ ದುಡ್ಡಾದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. ಖಾಸಗಿ ಟ್ರಸ್ಟ್ ನಡೆಸುವ ಆಸ್ಪತ್ರೆಯಾದರೆ ಈ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಹಣ ಮೊದಲು ಬಂದು ಇಳಿಯಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಆಡಳಿತ ಖರ್ಚು 20% ಮೀರುವಂತಿಲ್ಲ. 2020ರ ತಿದ್ದುಪಡಿಗೆ ಮುಂಚೆ ಇದು 50% ಇತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ಹೀಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ.

ಈಗ ನಮ್ಮ ಮೂರು ಆಸ್ಪತ್ರೆಗಳ ಯೋಜನೆ ನೋಡಿ. ಮುಖ್ಯ ಆಸ್ಪತ್ರೆಗೆ ದುಡ್ಡು ಬಂದು, ಉಳಿದ ಎರಡಕ್ಕೆ ಪಾಲು ಕಳಿಸುತ್ತೇವೆ ಎಂದು ಬರೆದಿದ್ದರೆ ಆ ಅರ್ಜಿ ಕಾನೂನಿನ ಪ್ರಕಾರ ನಡೆಯುವುದೇ ಇಲ್ಲ. ಉಳಿದೆರಡು ಕಡೆಯ ಫೀಲ್ಡ್ ವರ್ಕರ್‌ಗಳನ್ನು ಮುಖ್ಯ ಸಂಸ್ಥೆಯೇ ನೇಮಿಸಿಕೊಂಡು ಸಂಬಳ ಕೊಡಬೇಕು. ಇಲ್ಲವೇ ದಾನಿಯು ಮೂವರ ಜೊತೆಗೂ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳಬೇಕು. ಇದನ್ನು ಗೆದ್ದ ಮೇಲೆ ಅಲ್ಲ, ಬರೆಯುವ ಮುಂಚೆಯೇ ತೀರ್ಮಾನಿಸಬೇಕು. ಹೊರದೇಶದ ಹಣ ಅಥವಾ ಸಹಯೋಗ ಇರುವ ಆರೋಗ್ಯ ಸಂಶೋಧನೆಗೆ ಐಸಿಎಂಆರ್ ಮೂಲಕ ನಡೆಯುವ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕು. ಅದಕ್ಕೆ ತಿಂಗಳುಗಳು ಹಿಡಿಯಬಹುದು. ಕೆಲಸದ ವೇಳಾಪಟ್ಟಿಯಲ್ಲಿ "ಮೊದಲ ತಿಂಗಳು: ರೋಗಿಗಳ ನೋಂದಣಿ ಆರಂಭ" ಎಂದು ಬರೆದವರು ಇದನ್ನು ಮರೆತಿದ್ದಾರೆ ಎಂದೇ ಅರ್ಥ.

ದೇಶದೊಳಗಿನ ಕಂಪನಿ ದುಡ್ಡಾದರೆ ಸಿಎಸ್‌ಆರ್ ನಿಯಮ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ 2% ಅನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಸಂಶೋಧನೆಯೂ ಪಟ್ಟಿಯಲ್ಲಿದೆ, ಆದರೆ ಆ ಬಾಗಿಲು ಮುಖ್ಯವಾಗಿ ಸರ್ಕಾರಿ ಅನುದಾನದ ವಿಶ್ವವಿದ್ಯಾಲಯ, ರಾಷ್ಟ್ರೀಯ ಪ್ರಯೋಗಾಲಯ, ಐಸಿಎಂಆರ್‌ನಂಥ ಸಂಸ್ಥೆಗಳಿಗೆ ತೆರೆದಿದೆ. ಸಮಯದ ಮಿತಿಯೂ ಇದೆ. ಶುರುವಾದ ವರ್ಷ ಬಿಟ್ಟು ಇನ್ನು ಮೂರು ವರ್ಷ ಮಾತ್ರ ಎಳೆಯಬಹುದು. ಶ್ರೀನಿವಾಸಪುರದಂಥ ದೀರ್ಘ ಅಧ್ಯಯನಕ್ಕೆ ಇದು ಒಗ್ಗುವುದಿಲ್ಲ. ಮಾರ್ಚ್ ತಿಂಗಳಲ್ಲಿ "ಖರ್ಚಾಗದ ದುಡ್ಡಿದೆ, ವಾರದೊಳಗೆ ಪ್ರಪೋಸಲ್ ಕೊಡಿ" ಎಂದು ಸಿಎಸ್‌ಆರ್ ವಿಭಾಗದಿಂದ ಬರುವ ಫೋನು ಈ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತು. ಅವಸರದಲ್ಲಿ ಒಂದು ಯಂತ್ರ ಕೊಳ್ಳಬಹುದು. ಅದನ್ನು ನಡೆಸುವವರ ಸಂಬಳ ಮುಂದಿನ ವರ್ಷ ಯಾರು ಕೊಡುತ್ತಾರೆ ಎಂದು ಕೇಳದೆ ಕೊಂಡ ಯಂತ್ರಗಳು ಎಷ್ಟೋ ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿವೆ.

ಏನು ಬರೆಯಬಾರದು

ದಾನಿಗಳಿಗೆ ಕಥೆ ಬೇಕು. ವಿಜ್ಞಾನಿಗಳ ಸಮಿತಿ ಇಲ್ಲದ ಸಣ್ಣ ಟ್ರಸ್ಟುಗಳಲ್ಲಿ ಅಂಕಿ ಅಂಶಕ್ಕಿಂತ ಒಬ್ಬ ರೋಗಿಯ ಕಥೆಯೇ ಹೆಚ್ಚು ಕೆಲಸ ಮಾಡುತ್ತದೆ. ಅದರಲ್ಲಿ ತಪ್ಪಿಲ್ಲ. ಆದರೆ ಡಯಾಲಿಸಿಸ್ ಮಂಚದ ಮೇಲೆ ಮಲಗಿರುವವರ ಫೋಟೋ, ಒಪ್ಪಿಗೆ ಇಲ್ಲದ ಹೆಸರು, ಊರು, ಇವು ನನ್ನ ಅರ್ಜಿಯಲ್ಲಿ ಬರುವುದಿಲ್ಲ. ಚಿಕಿತ್ಸೆ ಪಡೆಯುತ್ತಿರುವ ಆಸ್ಪತ್ರೆಯವರೇ ಕೇಳಿದರೆ "ಬೇಡ" ಎನ್ನುವ ಧೈರ್ಯ ಎಷ್ಟು ಜನರಿಗಿದೆ? ಹಾಗೆ ಸಿಕ್ಕ ಒಪ್ಪಿಗೆಯ ಬಗ್ಗೆ ನನಗೆ ಯಾವತ್ತೂ ಅನುಮಾನ.

ಇನ್ನೊಂದು ಆಸೆ, ಗುಣಪಡಿಸುತ್ತೇವೆ ಎಂದು ಮಾತು ಕೊಡುವುದು. ಮೂರು ವರ್ಷಕ್ಕೆ ಔಷಧಿ ಬರುತ್ತದೆ ಎಂದು ಬರೆದರೆ ಈ ಸಲ ದುಡ್ಡು ಬರಬಹುದು. ಮೂರು ವರ್ಷದ ನಂತರ ಆ ದಾನಿ ಹಾವು ಕಡಿತದ ಕಡೆಗೇ ತಿರುಗಿ ನೋಡುವುದಿಲ್ಲ. ಆಗ ಅದರ ಬೆಲೆ ತೆರುವವರು ನಾವಲ್ಲ, ನಮ್ಮ ನಂತರ ಅರ್ಜಿ ಹಾಕುವವರು.

ಔಷಧಿಯೇ ಬಂದುಬಿಟ್ಟರೆ ಬರುವ ಪ್ರಶ್ನೆಗಳು ಬೇರೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬುದು ಶ್ವಾಸಕೋಶ ಕೆಡಿಸುವ ಆನುವಂಶಿಕ ಕಾಯಿಲೆ. ಅಮೆರಿಕದ ಸಿಸ್ಟಿಕ್ ಫೈಬ್ರೋಸಿಸ್ ಫೌಂಡೇಶನ್ ಔಷಧ ಕಂಪನಿಯೊಂದರ ಸಂಶೋಧನೆಗೆ ಹಣ ಹಾಕಿ, ಅದರಿಂದ ಬಂದ ಔಷಧದ ರಾಯಲ್ಟಿ ಹಕ್ಕನ್ನು 2014ರಲ್ಲಿ 330 ಕೋಟಿ ಡಾಲರ್‌ಗೆ ಮಾರಿತು. ಆ ಹಣ ಮತ್ತೆ ಸಂಶೋಧನೆಗೇ ಹೋಗುತ್ತದೆ ನಿಜ, ಆದರೆ ಔಷಧದ ಬೆಲೆ ಒಬ್ಬ ರೋಗಿಗೆ ವರ್ಷಕ್ಕೆ ಸುಮಾರು 3 ಲಕ್ಷ ಡಾಲರ್ ಇತ್ತು. ಜನರ ದಾನದಿಂದ ಶುರುವಾದದ್ದು ಜನರ ಕೈಗೆ ಎಟುಕಬೇಡವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಒಪ್ಪಂದದಲ್ಲಿ ಪೇಟೆಂಟ್ ಮತ್ತು ಬೆಲೆಯ ಕುರಿತ ಷರತ್ತು ಬಂದಾಗ ನಾನು ಓದದೆ ಮುಂದೆ ಹೋಗುವುದಿಲ್ಲ, ಸಂಸ್ಥೆಯ ವಕೀಲರಿಗೂ ಓದಿಸುತ್ತೇನೆ.

ಸಂಬಳದ ವಿಷಯ. "ಬಂದ ದುಡ್ಡಲ್ಲಿ ನಿಮಗೆ ಎಷ್ಟು ಪರ್ಸೆಂಟ್?" ಎಂದು ಕೇಳುವವರಿದ್ದಾರೆ. ಉತ್ತರ: ಒಂದು ಪೈಸೆಯೂ ಇಲ್ಲ. ಅಸೋಸಿಯೇಶನ್ ಆಫ್ ಫಂಡ್‌ರೈಸಿಂಗ್ ಪ್ರೊಫೆಶನಲ್ಸ್ ಎಂಬ ಅಂತರರಾಷ್ಟ್ರೀಯ ಸಂಘದ ನೀತಿಸಂಹಿತೆ ಕಮಿಷನ್ ಲೆಕ್ಕದ ಸಂಬಳವನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ಕಾರಣ ಊಹಿಸಬಹುದು. ಕಮಿಷನ್ ಇದ್ದರೆ ಸಣ್ಣ ಪ್ರಶ್ನೆಯನ್ನು ದೊಡ್ಡದು ಮಾಡುವ ಆಸೆ ಬರುತ್ತದೆ. ಗೆದ್ದರೂ ಸೋತರೂ ಅದೇ ಸಂಬಳ ಎಂದಿದ್ದರೆ "ಈ ದಾನಿ ನಮಗೆ ಆಗಿಬರುವುದಿಲ್ಲ, ಈ ಸಲ ಬೇಡ" ಎನ್ನಲು ಆಗುತ್ತದೆ.

ಸಿಕ್ಕರೆ, ಸಿಗದಿದ್ದರೆ

ಹೆಚ್ಚಿನವು ಸಿಗುವುದಿಲ್ಲ. ದೊಡ್ಡ ಬೊಕ್ಕಸದ ಎನ್‌ಐಎಚ್‌ನಲ್ಲೇ 2023ರಲ್ಲಿ ಹಣ ಸಿಕ್ಕಿದ್ದು ಸುಮಾರು ಐದರಲ್ಲಿ ಒಂದು ಅರ್ಜಿಗೆ. ತಿರಸ್ಕಾರದ ಪತ್ರದ ಜೊತೆ ರಿವ್ಯೂವರ್‌ಗಳ ಮಾತು ಬಂದರೆ ಅದು ದೊಡ್ಡ ಉಪಕಾರ. ಡಾಕ್ಟರು ಅದನ್ನು ಓದಿ ಸಿಟ್ಟಾಗುತ್ತಾರೆ. "ಇವರಿಗೆ ಅರ್ಥವೇ ಆಗಿಲ್ಲ" ಎನ್ನುತ್ತಾರೆ. ಎರಡು ದಿನ ಬಿಟ್ಟು ಫೋನ್ ಮಾಡುವುದು ನನ್ನ ಪದ್ಧತಿ. ಅರ್ಥವಾಗಿಲ್ಲ ಎಂದರೆ ನಾವು ಅರ್ಥವಾಗುವ ಹಾಗೆ ಬರೆದಿಲ್ಲ ಎಂದು ಅಷ್ಟೊತ್ತಿಗೆ ಹೇಳಬಹುದು.

ಈಗ ಎಐ ಬಂದಿದೆ, ಅದೇ ಬರೆದುಕೊಡುತ್ತದೆ ಎನ್ನುವವರಿದ್ದಾರೆ. ಬರೆಯುತ್ತದೆ, 'ಸಮಗ್ರವಾಗಿ' ಎಂಬ ಪದವನ್ನು ಧಾರಾಳವಾಗಿ ಹಾಕಿ. ಅರ್ಜಿಗಳ ಪ್ರವಾಹ ನೋಡಿ ಎನ್‌ಐಎಚ್ 2025ರಲ್ಲಿ ಒಬ್ಬ ಸಂಶೋಧಕರಿಗೆ ವರ್ಷಕ್ಕೆ ಆರೇ ಅರ್ಜಿ ಎಂದು ಮಿತಿ ಹಾಕಿತು. ಬಹುಪಾಲು ಎಐ ಬರೆದ ಅರ್ಜಿಗಳನ್ನು ಪರಿಗಣಿಸುವುದಿಲ್ಲ ಎಂದೂ ಹೇಳಿತು. ವ್ಯಾಕರಣ ನೋಡಲು ನಾನೂ ಬಳಸುತ್ತೇನೆ. ವಾರ್ಡಿನಲ್ಲಿ ತಲೆ ತಿನ್ನುವ ವಿಷಯವನ್ನು ಡಾಕ್ಟರ ಬಾಯಿಂದ ಹೊರಡಿಸಲು ಮಾತ್ರ ಇನ್ನೂ ಫೋನೇ ಬೇಕು.

ಗ್ರ್ಯಾಂಟ್ ಸಿಕ್ಕರೆ ಕೆಲಸ ಮುಗಿಯಿತು ಎಂದೇನಲ್ಲ. ಆರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ವರದಿ, ಲೆಕ್ಕ ಪರಿಶೋಧಕರ ಸಹಿ ಇರುವ ಯುಸಿ, ಅಂದರೆ ಹಣ ಬಳಕೆ ಪ್ರಮಾಣಪತ್ರ. ಮಳೆ ಕಡಿಮೆಯಾದ ವರ್ಷ ಪ್ರಕರಣಗಳೂ ಕಡಿಮೆಯಾಗಿ ಯೋಜನೆ ಹಿಂದೆ ಬೀಳಬಹುದು. ಅದನ್ನು ದಾನಿಗೆ ಮೊದಲೇ ತಿಳಿಸಿ, ಹೆಚ್ಚು ಹಣವಿಲ್ಲದೆ ಹೆಚ್ಚು ಸಮಯ ಕೇಳಬೇಕು. ಕೆಟ್ಟ ಸುದ್ದಿಯನ್ನು ವರದಿಯ ಕೊನೆಯ ಪುಟದಲ್ಲಿ ಬಚ್ಚಿಡುವವರನ್ನು ದಾನಿಗಳು ನೆನಪಿಟ್ಟುಕೊಳ್ಳುತ್ತಾರೆ. ಮೊದಲ ಸಾಲಿನಲ್ಲಿ ಹೇಳಿದವರನ್ನೂ ನೆನಪಿಟ್ಟುಕೊಳ್ಳುತ್ತಾರೆ, ಬೇರೆ ಕಾರಣಕ್ಕೆ.

ಈ ಕೆಲಸಕ್ಕೆ ಬರಬೇಕೆಂದಿರುವವರಿಗೆ ಇಂಥದ್ದೇ ಡಿಗ್ರಿ ಬೇಕೆಂದಿಲ್ಲ. ಜೀವವಿಜ್ಞಾನ ಓದಿ ಲ್ಯಾಬ್ ಬೇಡ ಅನ್ನಿಸಿದವರು, ಫಾರ್ಮಸಿ ಮಾಡಿದವರು, ಆರೋಗ್ಯ ವರದಿಗಾರರಾಗಿದ್ದವರು, ಎಲ್ಲರೂ ಇಲ್ಲಿದ್ದಾರೆ. ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲಿ ಇದಕ್ಕೆಂದೇ ಕಚೇರಿಗಳಿವೆ. ಸಂಶೋಧನೆಗೆ ಹಣ ಕೊಡುವ ಹೈದರಾಬಾದಿನ ಸಂಸ್ಥೆ ಇಂಡಿಯಾ ಅಲಯನ್ಸ್ 2018ರಲ್ಲಿ ಶುರು ಮಾಡಿದ ಇಂಡಿಯಾ ರಿಸರ್ಚ್ ಮ್ಯಾನೇಜ್‌ಮೆಂಟ್ ಇನಿಶಿಯೇಟಿವ್ ಇದನ್ನೊಂದು ವೃತ್ತಿಯಾಗಿ ಬೆಳೆಸಲೆಂದೇ ಬಂದದ್ದು. ಅಂಥ ಕಚೇರಿಯಲ್ಲಿ ಪರಿಚಯದವರು ಸಿಕ್ಕರೆ, ಬರೆದ ವಿಜ್ಞಾನಿಯ ಒಪ್ಪಿಗೆ ಪಡೆದು, ತಿರಸ್ಕಾರವಾದ ಒಂದು ಹಳೆಯ ಅರ್ಜಿಯನ್ನೂ ಅದಕ್ಕೆ ರಿವ್ಯೂವರ್‌ಗಳು ಬರೆದದ್ದನ್ನೂ ಓದಲು ಕೇಳಿ. ಗೆದ್ದ ಅರ್ಜಿಗಳನ್ನಾದರೆ ಎಲ್ಲರೂ ತೋರಿಸುತ್ತಾರೆ.